ಅಮ್ಮನ ಎದೆಯುರಿ ಮತ್ತು ‘ಏನೂ ಇಲ್ಲ’ ಎಂಬ ಮಾತು

ಅಪ್ಪ ತೀರಿಕೊಂಡು ಏಳೆಂಟು ತಿಂಗಳಾದ ಮೇಲೆ ಅಮ್ಮನಿಗೆ ಎದೆಯುರಿ ಶುರುವಾಯಿತು. ಅದರ ಬೆನ್ನಿಗೇ ಸೊಂಟನೋವು, ಅಂಗಾಲುರಿ, ತಲೆಭಾರ ಬಂದವು, ಬಾಯಿಗೆ ರುಚಿ ಹತ್ತದಂತಾಯಿತು. ಮುಂದಿನ ಒಂದೂವರೆ ವರ್ಷದಲ್ಲಿ ಎರಡು ಇಸಿಜಿ, ಒಂದು ಎಕೋ, ಹೊಟ್ಟೆಯ ಸ್ಕ್ಯಾನಿಂಗ್, ಎಂಡೋಸ್ಕೋಪಿ, ಥೈರಾಯ್ಡ್ ಪರೀಕ್ಷೆ ಎಲ್ಲವೂ ಮುಗಿದವು. ಪ್ರತಿ ಸಲವೂ ರಿಪೋರ್ಟ್ ನೋಡಿದವರು ಒಳ್ಳೆಯ ಸುದ್ದಿ ಕೊಡುವ ದನಿಯಲ್ಲಿ ‘ಏನೂ ಇಲ್ಲಮ್ಮ, ಎಲ್ಲ ನಾರ್ಮಲ್ ಇದೆ’ ಎನ್ನುತ್ತಿದ್ದರು. ಬಸ್ಸಿನಲ್ಲಿ ಮನೆಗೆ ಹಿಂದಿರುಗುವಾಗ ಮಕ್ಕಳಾದ ನಾವೂ ಅದನ್ನೇ ಸಮಾಧಾನದ ಮಾತೆಂದುಕೊಂಡು ಮತ್ತೆ ಮತ್ತೆ ಹೇಳುತ್ತಿದ್ದೆವು. ನೋವಿನಲ್ಲಿರುವವರಿಗೆ ಆ ಮಾತು ‘ನೀನು ಸುಳ್ಳು ಹೇಳುತ್ತಿದ್ದೀಯ’ ಎಂದೇ ಕೇಳಿಸುತ್ತದೆ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ರಜೆಗೆಂದು ಊರಿಗೆ ಹೋಗಿದ್ದಾಗ ಒಂದು ದಿನ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅಮ್ಮ ನೆಲದ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಅದು ಅಂಗಡಿಯ ಪ್ಯಾಕೆಟ್ ಅಕ್ಕಿ, ಅದರಲ್ಲಿ ಆರಿಸುವುದಕ್ಕೆ ಒಂದು ಕಲ್ಲೂ ಇರಲಿಲ್ಲ. ಬೆರಳುಗಳು ಮಾತ್ರ ಅಕ್ಕಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಸುತ್ತಲೇ ಇದ್ದವು. ‘ನಿದ್ದೆ ಬರಲಿಲ್ಲ ಕಣೋ, ಕೈಗೊಂದು ಕೆಲಸ ಇರಲಿ ಅಂತ’ ಎಂದಳು. ವಯಸ್ಸಾದವರಿಗೆ ನಿದ್ದೆ ಕಡಿಮೆ ಎಂದುಕೊಂಡು ನಾನು ನೀರು ಕುಡಿದು ಹೋಗಿ ಮಲಗಿದೆ. ಆ ರಾತ್ರಿ ನಾನು ಅವಳ ಪಕ್ಕದಲ್ಲಿ ಕೂರಬೇಕಿತ್ತು.

ನಮ್ಮ ಭಾಷೆ ದುಃಖವನ್ನು ಎಂದಿನಿಂದಲೂ ಮೈಯಲ್ಲೇ ಇಟ್ಟು ಮಾತನಾಡುತ್ತ ಬಂದಿದೆ. ಕರುಳು ಕಿವುಚುತ್ತದೆ, ಎದೆ ಭಾರವಾಗುತ್ತದೆ, ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ ಎಂದು ನಿತ್ಯವೂ ಆಡುವ ನಾವು, ಮನೆಯ ಹಿರಿಯ ಹೆಂಗಸು ‘ಎದೆ ಉರಿಯುತ್ತದೆ’ ಎಂದ ಕೂಡಲೇ ಅದನ್ನು ಗ್ಯಾಸ್ ಎಂದು ತೀರ್ಮಾನಿಸಿಬಿಡುತ್ತೇವೆ. ‘ನನಗೆ ಬದುಕು ಬೇಸರವಾಗಿದೆ’ ಎನ್ನುವ ಮಾತನ್ನು ಅಮ್ಮನ ತಲೆಮಾರಿನವರು ಬಾಯಿಬಿಟ್ಟು ಆಡುವುದು ಕಡಿಮೆ, ಏಕೆಂದರೆ ಅದು ಮಕ್ಕಳ ಮೇಲೆ ಹೊರಿಸಿದ ದೂರಿನಂತೆ ಕೇಳಿಸಬಹುದೆಂಬ ಅಳುಕು ಅವರಿಗಿರುತ್ತದೆ. ಹಾಗೆಂದು ಪರೀಕ್ಷೆ ಮಾಡಿಸಿದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ. ಎದೆನೋವು ಬಂದರೆ ಮೊದಲು ಹೃದಯವನ್ನು ತೋರಿಸಲೇಬೇಕು. ತಪ್ಪಾದದ್ದು ರಿಪೋರ್ಟ್ ಬಂದ ಮೇಲೆ ಮುಂದೇನನ್ನೂ ಕೇಳದೆ ಬಿಟ್ಟದ್ದು.

ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಚಿಕಿತ್ಸಾಲಯ ನಡೆಸುವ ವ್ಯವಸ್ಥೆಯಿದೆ. ಅಮ್ಮನನ್ನು ಅಲ್ಲಿಗೆ ಕರೆದೊಯ್ಯಿರಿ ಎಂದು ಹೇಳಿದವರು ಬಿಪಿ ನೋಡುತ್ತಿದ್ದ ನರ್ಸ್. ಅಲ್ಲಿನ ವೈದ್ಯರು ಫೈಲನ್ನು ಪಕ್ಕಕ್ಕಿಟ್ಟು ಮೊದಲು ಕೇಳಿದ ಪ್ರಶ್ನೆ ‘ಬೆಳಗಿನ ಜಾವ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತಮ್ಮ?’ ಎಂಬುದು. ಬೆಳಿಗ್ಗೆ ಸಂಕಟ ಹೆಚ್ಚೋ ಸಂಜೆಯೋ, ಮೊಮ್ಮಕ್ಕಳು ಬಂದರೆ ಮೊದಲಿನಂತೆ ಹಿಗ್ಗು ಆಗುತ್ತದೆಯೋ ಎಂದು ಆಮೇಲೆ ಕೇಳಿದರು. ಮೂರನೆಯ ಪ್ರಶ್ನೆಗೆ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ‘ನಿಮ್ಮ ಎದೆಯುರಿ ನಿಜವಾದದ್ದೇ, ಅದಕ್ಕೆ ಮದ್ದಿದೆ’ ಎಂದು ವೈದ್ಯರು ಹೇಳಿದ ಆ ಒಂದು ವಾಕ್ಯಕ್ಕಾಗಿ ಅವಳು ಒಂದೂವರೆ ವರ್ಷ ಕಾದಿದ್ದಳು.

ಅಮ್ಮನಿಗಿದ್ದದ್ದು ಖಿನ್ನತೆ. ಅದರ ಮಾತ್ರೆ ತಲೆನೋವಿನ ಮಾತ್ರೆಯಂತೆ ಅಂದೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಓಕರಿಕೆ, ತಲೆಸುತ್ತಿನಂಥ ತೊಂದರೆಗಳು ಮಾತ್ರ ಮೊದಲ ದಿನಗಳಲ್ಲೇ ಬರಬಹುದು. ಬಹಳ ಮನೆಗಳಲ್ಲಿ ಚಿಕಿತ್ಸೆ ಮುರಿದುಬೀಳುವುದು ಈ ನಡುವಿನ ದಿನಗಳಲ್ಲೇ ಎಂದು ನನಗನ್ನಿಸುತ್ತದೆ. ನಮ್ಮಲ್ಲೂ ಹತ್ತನೆಯ ದಿನ ತಮ್ಮ ‘ಇದು ಚಟ ಆಗಿಬಿಡುತ್ತೆ, ಬಿಡಿಸಿಬಿಡೋಣ’ ಎಂದ. ನಿದ್ದೆಮಾತ್ರೆಯೇ ಬೇರೆ, ಇದೇ ಬೇರೆ, ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ತೆಗೆದುಕೊಳ್ಳಬೇಕು, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು ಎಂದು ಅವನಿಗೆ ತಿಳಿಸಿ ಹೇಳಲು ಇಡೀ ಸಂಜೆ ಹಿಡಿಯಿತು. ಅವನ ಅಂಜಿಕೆಯೂ ಪ್ರೀತಿಯಿಂದಲೇ ಹುಟ್ಟಿದ್ದು ಎಂಬುದನ್ನು ನಾನು ಬಲ್ಲೆ.

ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಅಸ್ವಸ್ಥತೆಯಿತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರೆ ಅವರೇ ಈ ಚಿಕಿತ್ಸೆ ನೀಡಬಲ್ಲರು ಎಂಬುದನ್ನು 1980ರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಲಾಗಿತ್ತು ಎಂಬುದನ್ನು ನೆನೆದಾಗ ಈ ಅಂಕಿಗಳು ಇನ್ನಷ್ಟು ನೋಯಿಸುತ್ತವೆ. ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮನಾಗಿ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆಸ್ಪತ್ರೆಗೆ ಹೋಗಲು ಅಂಜುವವರಿಗೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಿದೆ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

‘ಧೈರ್ಯ ತಂದುಕೋ, ಯೋಚನೆ ಬಿಡು’ ಎಂದು ಅಮ್ಮನಿಗೆ ಹೇಳುವುದನ್ನು ನಾವು ನಿಲ್ಲಿಸಿದ್ದೇವೆ. ಫೋನ್ ಮಾಡಿದಾಗ ‘ಊಟ ಆಯ್ತಾ’ ಎಂಬುದರ ಜೊತೆಗೆ ‘ರಾತ್ರಿ ನಿದ್ದೆ ಬಂತಾ, ಎಷ್ಟು ಗಂಟೆಗೆ ಎದ್ದೆ’ ಎಂದೂ ಕೇಳುತ್ತೇವೆ. ಮೊದಮೊದಲು ಸುಳ್ಳು ಹೇಳುತ್ತಿದ್ದಳು, ಈಗ ಹೇಳುವುದಿಲ್ಲ. ಎದೆಯುರಿ ಪೂರ್ತಿ ಹೋಗಿಲ್ಲ, ಅಪ್ಪನ ತಿಥಿ ಹತ್ತಿರವಾದಾಗ ಮತ್ತೆ ಬರುತ್ತದೆ. ಆ ಮಾತ್ರೆಯನ್ನು ಬಿಪಿ ಮಾತ್ರೆಯ ಡಬ್ಬಿಯಲ್ಲೇ ಇಟ್ಟುಕೊಂಡಿದ್ದಾಳೆ. ದೊಡ್ಡಮ್ಮ ಕೇಳಿದರೆ ‘ಇದೂ ಬಿಪಿಯದೇ’ ಎನ್ನುತ್ತಾಳೆ. ನಾನು ತಿದ್ದಲು ಹೋಗಿಲ್ಲ. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರಿ, ಆದರೆ ಊರ ಹೆಸರು ಹಾಕಬೇಡ’ ಎಂದಳು.