ಬಚ್ಚಲಮನೆಯ ಕರೆಂಟು

ಮಕ್ಕಳನ್ನು ಬೈಯಲು ಲೈಟಿನಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ. "ರೂಮಿನಲ್ಲಿ ಯಾರಿದ್ದಾರೆ ಅಂತ ಲೈಟು? ಕರೆಂಟೇನು ಪುಕ್ಕಟೆ ಬರುತ್ತಾ?" ಗೃಹಜ್ಯೋತಿ ಬಂದ ಮೇಲೆ ಎರಡನೇ ಪ್ರಶ್ನೆಗೆ ಬೆಲೆ ಇಲ್ಲ. ಎಷ್ಟೋ ಮನೆಗೆ ಪುಕ್ಕಟೆಯೇ ಬರುತ್ತದೆ. ಆದರೂ ಬೈಗುಳ ನಿಂತಿಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಲ್ಲ!

ತಮಾಷೆ ಏನೆಂದರೆ, ಈಗಿನ ಎಲ್‌ಇಡಿ ಬಲ್ಬು 9 ವಾಟಿನದು. ಅದು ಒಂದು ಯೂನಿಟ್ (ಅಂದರೆ ಸಾವಿರ ವಾಟ್ ಒಂದು ಗಂಟೆ ಉರಿದಷ್ಟು ಕರೆಂಟು) ಮುಗಿಸಬೇಕಾದರೆ ನಾಲ್ಕೂವರೆ ದಿನ ಹಗಲೂ ರಾತ್ರಿ ಉರಿಯಬೇಕು. 2,000 ವಾಟಿನ ಗೀಸರಿಗೆ ಅರ್ಧ ಗಂಟೆ ಸಾಕು. ಆದರೆ ಬೆಳಕು ಕಣ್ಣಿಗೆ ಕುಕ್ಕುತ್ತದೆ, ಬಿಸಿನೀರು ಕುಕ್ಕುವುದಿಲ್ಲ. ಹಾಗಾಗಿ ಮಗನಿಗೆ ಭಾಷಣ ಬಿಗಿದ ಅಪ್ಪ ಗೀಸರ್ ಹಾಕಿ ಆರಾಮಾಗಿ ಪೇಪರ್ ಓದುತ್ತಾನೆ. ಕೇಳಿದರೆ, "ಕಾದ ಮೇಲೆ ತಾನೇ ನಿಲ್ಲುತ್ತೆ" ಅನ್ನುತ್ತಾನೆ. ನಿಲ್ಲುವುದು ನಿಜ. ನೀರು ಆರಿದಂತೆಲ್ಲ ಮತ್ತೆ ಶುರುವಾಗುವುದೂ ನಿಜ.

ಬೆಂಗಳೂರಿನ ಗೀಸರುಗಳೆಲ್ಲ ಎಚ್ಚರಗೊಳ್ಳುವುದು ಬೆಳಗ್ಗೆ ಆರು, ಏಳಕ್ಕೆ. ಪಾವಗಡದ ಸೋಲಾರ್ ಪಾರ್ಕಿಗೆ ಆಗಿನ್ನೂ ಬಿಸಿಲು ಏರಿರುವುದಿಲ್ಲ. ಆ ಹೊತ್ತಿಗೆ ಕೈಹಿಡಿಯುವುದು ಶರಾವತಿಯ ನೀರು, ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲು. ಆ ಹೊಗೆಯ ಕಾರ್ಬನ್ ಡೈಆಕ್ಸೈಡ್ ಭೂಮಿಯ ಕಾವನ್ನು ಹೊರಗೆ ಹೋಗಲು ಬಿಡುವುದಿಲ್ಲ. ಕಾವು ಜಾಸ್ತಿಯಾದರೆ ನಾವು ಫ್ಯಾನು, ಎಸಿ ಹಾಕುತ್ತೇವೆ. ಮತ್ತೆ ಕಲ್ಲಿದ್ದಲು. 2016ರ ಏಪ್ರಿಲ್‌ನಲ್ಲಿ ಈ ತಂಪಿನ ಊರು 39.2 ಡಿಗ್ರಿ ಕಂಡಿತು. 2023ರಲ್ಲಿ ಮಳೆ ಕೈಕೊಟ್ಟಿತು. (ಒಂದು ವರ್ಷದ ಬರವನ್ನೆಲ್ಲ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ಸರಿಯಲ್ಲ. ಆ ವರ್ಷ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರನ್ನು ಸೊರಗಿಸುವ ವಿದ್ಯಮಾನ ಕೂಡ ಇತ್ತು.) ಜಲಾಶಯಗಳು ತುಂಬಲಿಲ್ಲ, ಹೊಲದ ಪಂಪ್‌ಸೆಟ್ಟುಗಳಿಗೆ ಮಾತ್ರ ಬಿಡುವಿಲ್ಲ. ಕರೆಂಟಿಗೆ ತತ್ವಾರವಾಯಿತು.

ತಾರಸಿ ಮೇಲೆ ಸೋಲಾರ್ ಇದ್ದವರು ಬೀಗುತ್ತಾರೆ. ಬೀಗಲಿ, ಒಳ್ಳೆಯದೇ. ಆದರೆ ಬಿಸಿನೀರು ಕೆಳಗಿಳಿದು ಬರುವಷ್ಟರಲ್ಲಿ ಪೈಪಿನಲ್ಲಿದ್ದ ತಣ್ಣೀರು ಒಂದು ಬಕೆಟ್ ಮೋರಿ ಸೇರಿರುತ್ತದೆ. ಕಾವೇರಿ ನೀರಾದರೆ ಅದನ್ನು ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ಪಂಪು ಹಾಕಿ ತಂದಿರುತ್ತಾರೆ. ಚೆಲ್ಲಿದ್ದು ನೀರು, ಜೊತೆಗೆ ಕರೆಂಟು. ಆ ಬಕೆಟ್ಟನ್ನು ಹಿಡಿದಿಟ್ಟು ಬಟ್ಟೆ ನೆನೆಸುವ ಅಜ್ಜಿಯರನ್ನು ಸುಮ್ನೆ ಜಿಪುಣರು ಅಂದುಬಿಡುತ್ತೇವೆ, ಅಲ್ವಾ?

ನಾನಂತೂ ಬಕೆಟ್ ಪಕ್ಷ. 20 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಹತ್ತಿರಹತ್ತಿರ ಅರ್ಧ ಯೂನಿಟ್ ಬೇಕು. ಶವರಿನ ಕೆಳಗೆ ನಿಂತವರಿಗೆ ಹಾಡಿನ ಎರಡನೇ ಚರಣ ಬರುವಷ್ಟರಲ್ಲಿ ಅಷ್ಟು ನೀರು ಖರ್ಚು. ಈ ಲೆಕ್ಕವನ್ನು ಮನೆಯಲ್ಲಿ ಒಪ್ಪಿಸಿದೆ.

"ಮೊದಲು ನಿಮ್ಮ ರಾತ್ರಿ ಸ್ನಾನ ನಿಲ್ಲಿಸಿ" ಅಂದಳು ಹೆಂಡತಿ.

"ಅದು ತಣ್ಣೀರು ಕಣೇ, ಲೆಕ್ಕಕ್ಕಿಲ್ಲ."

"ತಣ್ಣೀರೇನು ಮಳವಳ್ಳಿಯಿಂದ ನಡ್ಕೊಂಡು ಬಂತಾ?"