'ಪ್ರಗತಿಯಲ್ಲಿದೆ' ಅಂದರೆ ಎಲ್ಲಿದೆ?

ವಾರ್ಡ್ ಸದಸ್ಯರ ಮಾಹಿತಿ ಪತ್ರ ಮತ್ತೆ ಬಂತು. "ಚರಂಡಿ ಕಾಮಗಾರಿ ಪ್ರಗತಿಯಲ್ಲಿದೆ, ಕಡಲ್ಕೊರೆತ ತಡೆಗೆ ಕಲ್ಲು ಹಾಕಲಾಗಿದೆ." ಜತೆಗೆ ನಗುಮುಖದ ಫೋಟೊ, ಅದೊಂದು ತಪ್ಪೋದಿಲ್ಲ.

ಸ್ವಾಮೀ, ಕಡಲತೀರದ ಚರಂಡಿ ಉಕ್ಕುವುದು ಬರೀ ಹೂಳಿನಿಂದಲ್ಲ. ಚರಂಡಿ ನೀರನ್ನು ಕಡಲಿಗೆ ಬಿಡುವ ಕೊಳವೆಯ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದ್ದರೆ ಸಮುದ್ರವೇ ಒಳನುಗ್ಗುತ್ತದೆ. ಅದನ್ನು ತಡೆಯಲೆಂದೇ ಅಲ್ಲಿ ಫ್ಲ್ಯಾಪ್ ವಾಲ್ವ್ ಇರುತ್ತದೆ, ಹೊರಕ್ಕೆ ಮಾತ್ರ ತೆರೆಯುವ ಮುಚ್ಚಳ. ಸಂದಿಗೆ ಒಂದು ಪ್ಲಾಸ್ಟಿಕ್ ಬಾಟಲಿ ಸಿಕ್ಕಿಕೊಂಡರೆ ಸಾಕು, ಸುಡುಬಿಸಿಲಲ್ಲೂ ರಸ್ತೆ ತುಂಬ ಉಪ್ಪುನೀರು. ಕೀಲು ತುಕ್ಕು ಹಿಡಿದರೆ ಇನ್ನೊಂದು ಅವಾಂತರ: ಮುಚ್ಚಳ ತೆರೆಯುವುದೇ ಇಲ್ಲ, ಮಳೆನೀರು ಒಳಗೇ ನಿಲ್ಲುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಮುಂಚೆಯೇ, ಕೊಳವೆಯ ಬಾಯಿ ನೀರಿನಿಂದ ಹೊರಗೆ ಕಾಣುವ ಇಳಿತದ ಹೊತ್ತು ನೋಡಿಕೊಂಡು ಅಲ್ಲಿನ ಕಸ, ಹೂಳು ಕೆರೆದು ತೆಗೆಯಬೇಕು. ಇಳಿತದ ಹೊತ್ತೋ, ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈ ಸೋಮವಾರ 10 ಗಂಟೆಗೆ ಇಳಿತವಿದ್ದರೆ ಮುಂದಿನ ಸೋಮವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಉಬ್ಬರ. ಇವರು ಆಳು ಕಳಿಸುವುದು ಮಾತ್ರ ಪ್ರತಿ ಸೋಮವಾರ 10ಕ್ಕೇ!

ಇನ್ನು ಕಲ್ಲು. ಬಂಡೆಯ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರನ್ನು ಬಿಟ್ಟು ಮರಳನ್ನು ತಡೆಯುವ ಬಟ್ಟೆ), ಮೇಲೆ ಸಣ್ಣ ಕಲ್ಲಿನ ಪದರ ಹಾಸದಿದ್ದರೆ ಅಲೆ ಸಂದಿಯಿಂದ ಮರಳನ್ನು ಎಳೆದೊಯ್ದು ಬಂಡೆ ಹೂತುಹೋಗುತ್ತದೆ. ಪತ್ರದಲ್ಲಿ ಎಷ್ಟು ಲೋಡು ಕಲ್ಲು ಅನ್ನುವ ಲೆಕ್ಕವಿದೆ, ಬಟ್ಟೆಯ ಸುದ್ದಿಯೇ ಇಲ್ಲ.