ರೊಟ್ಟಿ ಎಸೆದವನಿಗೂ ಒಂದು ಸಿನಿಮಾ ಬೇಕು

ಊರು ಬಿಟ್ಟು ದೂರದಲ್ಲೆಲ್ಲೋ ಸಿಕ್ಕಿಹಾಕಿಕೊಂಡು ಜೀವ ಉಳಿಸಿಕೊಳ್ಳಲು ಒದ್ದಾಡುವವರ ಸಿನಿಮಾ ಬಂದರೆ ನಾನು ಬಿಡುವವನಲ್ಲ. ಮರುಭೂಮಿ, ಹಿಮ, ಪರದೇಶದ ಜೈಲು, ಯಾವುದಾದರೂ ಸರಿ. ಆದರೆ ಇತ್ತೀಚೆಗೆ ನನ್ನದೊಂದು ತಕರಾರು ಶುರುವಾಗಿದೆ. ಎಲ್ಲರೂ ಹೀರೊನ ಪಕ್ಕೆಲುಬು ಎಣಿಸುತ್ತಾ ಕೂರುತ್ತಾರೆ. ಅವನನ್ನು ಉಳಿಸಿದವರ ಕಡೆ ತಿರುಗಿಯೂ ನೋಡುವುದಿಲ್ಲ.

2024ರಲ್ಲಿ ಬ್ಲೆಸ್ಸಿಯವರ ಮಲಯಾಳಂ ಸಿನಿಮಾ 'ಆಡುಜೀವಿತಂ' ಬಂತಲ್ಲ, ಕನ್ನಡಕ್ಕೂ ಡಬ್ ಆಗಿತ್ತು. ಗಲ್ಫಿಗೆ ದುಡಿಯಲು ಹೋಗಿ ಮರುಭೂಮಿಯಲ್ಲಿ ಆಡು ಕಾಯುವ ಗುಲಾಮನಾಗಿ ಸಿಕ್ಕಿಬಿದ್ದ ನಜೀಬನ ಕತೆ. ಆ ಪಾತ್ರಕ್ಕೆ ಪೃಥ್ವಿರಾಜ್ 30 ಕೆಜಿ ಹತ್ತಿರ ತೂಕ ಇಳಿಸಿದ್ದೇ ದೊಡ್ಡ ಸುದ್ದಿ. ಚೆನ್ನಾಗಿ ಮಾಡಿದ್ದಾರೆ, ಇಲ್ಲ ಅನ್ನಲ್ಲ. ಆದರೆ ನಜೀಬನಿಗೆ ಮರುಭೂಮಿಯಲ್ಲಿ ದಾರಿ ತೋರಿಸಿದ್ದು ಇಬ್ರಾಹಿಂ ಖಾದಿರಿ ಎಂಬ ಆಫ್ರಿಕಾದವನು. ರಸ್ತೆಗೆ ಬಂದು ಬಿದ್ದ ಮೇಲೆ ಕಾರಿಗೆ ಹತ್ತಿಸಿಕೊಂಡಿದ್ದು ಯಾರೋ ಒಬ್ಬ ಅರಬ. ಇವರ ಬಗ್ಗೆ ಎಷ್ಟು ಜನ ಬರೆದರು?

ಈ ತಕರಾರು ನನ್ನ ತಲೆಗೆ ಹೊಕ್ಕಿದ್ದು ಕಾರವಾರದ ನಮ್ಮ ಓಣಿಯ ಒಬ್ಬರಿಂದ. ವರ್ಷಗಟ್ಟಲೆ ಗಲ್ಫಿನಲ್ಲಿದ್ದು ಬಂದವರು. ಇದೇ ಸಿನಿಮಾವನ್ನು ಒಟ್ಟಿಗೆ ಕೂತು ನೋಡುತ್ತಿದ್ದೆವು. ಏರ್‌ಪೋರ್ಟಿನಲ್ಲಿ ಒಬ್ಬ ಬಂದು ನಜೀಬನ ಪಾಸ್‌ಪೋರ್ಟ್ ಇಸಿದುಕೊಳ್ಳುತ್ತಾನೆ. ನಾನು ಅಯ್ಯೋ ಅಂದೆ. ಅವರು, "ಇವನಿಗೆ ಯಾರೂ ರೂಮಿನವರ ನಂಬರ್ ಕೊಟ್ಟಿರಲಿಲ್ವಾ ಮಾರಾಯಾ?" ಅಂದರು. ಆಮೇಲೆ ಸಿನಿಮಾ ಬದಿಗಿಟ್ಟು, ಗಲ್ಫಿಗೆ ದುಡಿಯಲು ಹೋದವರು ಒಟ್ಟಿಗೆ ಇರುವ ರೂಮಿನ ಕತೆಯೇ. ಹೊಸಬನ ಹತ್ತಿರ ಮೊದಲ ಸಂಬಳ ಆಗುವವರೆಗೆ ಮೆಸ್ಸಿನ ದುಡ್ಡು ಕೇಳುವ ಹಾಗಿಲ್ಲ. ಬೆಡ್ ಖಾಲಿ ಇಲ್ಲದಿದ್ದರೆ ನೈಟ್ ಡ್ಯೂಟಿಯವನ ಬೆಡ್ಡಿನಲ್ಲಿ ಮಲಗಬೇಕು, ಬೆಳಿಗ್ಗೆ ಅವನು ಬಂದಾಗ ಎದ್ದು ಜಾಗ ಬಿಡಬೇಕು. ಬೈದಾಡಿಕೊಂಡೇ ನೋಡಿಕೊಳ್ಳುತ್ತಿದ್ದರಂತೆ. ಇಲ್ಲಿಂದ ಭಟ್ಕಳದವರೆಗೆ ಗಲ್ಫಿನ ದುಡ್ಡಿನಲ್ಲಿ ಎದ್ದ ಮನೆಗಳ ಹಿಂದೆ ಇಂಥ ರೂಮುಗಳು ಎಷ್ಟೋ ಇರಬೇಕು.

ಪಾಕಿಸ್ತಾನದ ಜೈಲು ಸೇರಿದ ಮೀನುಗಾರರ ಕತೆ ಅಂತ ಆಸೆಯಿಂದ ತೆಲುಗಿನ 'ತಂಡೇಲ್' ನೋಡಿದೆ. ಪ್ರೀತಿ, ದೇಶಭಕ್ತಿಯ ಗದ್ದಲವೇ ಜಾಸ್ತಿ ಆಯ್ತು. ಅದು ಬಿಡಿ.

'ಸೊಸೈಟಿ ಆಫ್ ದಿ ಸ್ನೋ' ನನಗೆ ಬಹಳ ಹಿಡಿಸಿತು. 1972ರ ಅಕ್ಟೋಬರ್‌ನಲ್ಲಿ ಆಂಡಿಸ್ ಪರ್ವತದಲ್ಲಿ ವಿಮಾನ ಬಿದ್ದು, 45 ಜನರಲ್ಲಿ 16 ಜನ 72 ದಿನದ ನಂತರ ಬದುಕಿ ಬಂದ ನಿಜ ಕತೆ. ನೋಡಿದವರೆಲ್ಲ ಹೆಣದ ಮಾಂಸ ತಿಂದದ್ದನ್ನೇ ಮಾತಾಡುತ್ತಾರೆ. ನನಗೆ ಬೇಕಾದವನು ಸೆರ್ಹಿಯೊ ಕತಲಾನ್. ಚಿಲಿ ದೇಶದ ದನಗಾಹಿ. ಬದುಕಿದ್ದವರಲ್ಲಿ ಇಬ್ಬರು ಸಹಾಯ ಹುಡುಕಿ ನಡೆದೂ ನಡೆದೂ ಹೊಳೆ ದಡಕ್ಕೆ ಬಂದಾಗ ಅವನು ಆಚೆ ದಡದಲ್ಲಿದ್ದ. ನೀರಿನ ಅಬ್ಬರಕ್ಕೆ ಮಾತು ಕೇಳುತ್ತಿರಲಿಲ್ಲ. ಕಾಗದ, ಪೆನ್ಸಿಲನ್ನು ಕಲ್ಲಿಗೆ ಕಟ್ಟಿ ಎಸೆದ. ಅವರು ಬರೆದು ವಾಪಸ್ ಎಸೆದರು. ಓದಿದ, ತನ್ನ ಹತ್ತಿರವಿದ್ದ ರೊಟ್ಟಿ ಎಸೆದ, ಕುದುರೆ ಹತ್ತಿ ಗಂಟೆಗಟ್ಟಲೆ ಹೋಗಿ ಪೊಲೀಸರಿಗೆ ಸುದ್ದಿ ಮುಟ್ಟಿಸಿದ. ಗಡ್ಡ ಬಿಟ್ಟ ಇಬ್ಬರು ಹರಕು ಬಟ್ಟೆಯವರು ಹೊಳೆಯಾಚೆ ಕೂಗಿಕೊಂಡರೆ ನಾವಾಗಿದ್ದರೆ ಕುಡುಕರು ಅಂದುಕೊಂಡು ಹೋಗಿಬಿಡುತ್ತಿದ್ದೆವು, ಅಲ್ವಾ?

ಇನ್ನು ನಮ್ಮೂರಿನ ಮಾತು. ಬೈತಖೋಲ ಬಂದರಿನ ಬೋಟುಗಳಲ್ಲಿ ಈಗ ಬಲೆ ಎಳೆಯುವವರಲ್ಲಿ ಒಡಿಶಾ, ಜಾರ್ಖಂಡಿನ ಹುಡುಗರೂ ಇದ್ದಾರೆ. ಅವರಿಗೂ ಇದು ಪರದೇಶವೇ. ಅಲ್ಲಿ ನಾನು ಚಹಾ ಕುಡಿಯುವ ಅಂಗಡಿಯ ಹೆಂಗಸಿನ ಹತ್ತಿರ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇದೆ. ಅದರ ತುಂಬ ಮೊಬೈಲ್. ಕಡಲಲ್ಲಿ ನೆನೆದು ಹಾಳಾಗುತ್ತದೆ ಅಂತ ಕೆಲವರು ಇಲ್ಲೇ ಬಿಟ್ಟು ಹೋಗುತ್ತಾರೆ. ಒಡೆದ ಸ್ಕ್ರೀನು ನೋಡಿಯೇ ಯಾವ ಮೊಬೈಲ್ ಯಾರದು ಅಂತ ಅವಳು ಹೇಳುತ್ತಾಳೆ. ಊರಿಂದ ಫೋನ್ ಬಂದರೆ ಅವಳೇ ಎತ್ತುತ್ತಾಳೆ. ಮನೆಮಾತು ಕೊಂಕಣಿ, ಆ ಕಡೆಯವರದು ಒಡಿಯಾ. ನಡುವೆ ಅವಳ ಹಿಂದಿ: "ಬೋಟ್ ದರ್ಯಾ ಮೇ ಹೈ, ಪರ್ಸೋ ಆಯೇಗಾ, ಖಾನಾ ಖಾಕೇ ಗಯಾ." ಅಂದರೆ ಬೋಟು ಕಡಲಲ್ಲಿದೆ, ನಾಳಿದ್ದು ಬರುತ್ತದೆ. ಊಟ ಮಾಡಿ ಹೋದದ್ದನ್ನು ಮಾತ್ರ ತಪ್ಪದೆ ಹೇಳುತ್ತಾಳೆ.

ಇಲ್ಲಿಗೆ ಯಾರಾದರೂ ಸಿನಿಮಾ ಮಾಡಲು ಬಂದರೆ ಏನಾಗುತ್ತದೆ ಗೊತ್ತು. ಹುಡುಗ, ತೂಫಾನು, ಮುರಿದ ಬೋಟು. ಈ ಹೆಂಗಸಿಗೆ ಸಿಗುವುದು ಚಹಾ ಲೋಟ ಕೊಡುವ ಒಂದೇ ಶಾಟ್. ಹೀರೊ ಬೇಕಿದ್ದರೆ ಕಡಲಲ್ಲೇ ಇರಲಿ. ಕ್ಯಾಮೆರಾವನ್ನು ಅರ್ಧ ಗಂಟೆಯಾದರೂ ಆ ಎಕ್ಸ್‌ಟೆನ್ಷನ್ ಬೋರ್ಡಿನ ಪಕ್ಕ ಇಡಿ.